ಪಿಯಾಜೆ ಟೈಪ್ ಮಾಡುತ್ತಿದ್ದಾರೆ...

ನಮ್ಮ ಅಕ್ಕನಿಗೆ ಪಿಯಾಜೆ ಮತ್ತು ವೈಗೋಟ್‌ಸ್ಕಿ ಸದಾ ಅದಲುಬದಲು. ಬಿ.ಇಡಿ ಮುಗಿಸಿ ಎರಡು ವರ್ಷವಾಯಿತು, ಈಗ ಟಿಇಟಿಗೆ ಓದುತ್ತಿದ್ದಾಳೆ. 150 ಅಂಕದ ಆ ಪರೀಕ್ಷೆಯಲ್ಲಿ ಮಕ್ಕಳ ವಿಕಾಸ ಮತ್ತು ಬೋಧನೆಗೆ ಸಂಬಂಧಿಸಿದ ಭಾಗಕ್ಕೆ 30 ಅಂಕ. ಅಲ್ಲಿ ಬರುವವರೆಲ್ಲ ಹೊರದೇಶದ ಪಂಡಿತರು. ‘ನಾಯಿ ಪಾವ್ಲೋವ್, ಬೆಕ್ಕು ಥಾರ್ನ್‌ಡೈಕ್, ಪಾರಿವಾಳ ಸ್ಕಿನ್ನರ್, ಚಿಂಪಾಂಜಿ ಕೋಹ್ಲರ್’ ಎಂದು ರೊಟ್ಟಿ ಬಡಿಯುತ್ತಾ ಹೇಳಿಕೊಳ್ಳುತ್ತಾಳೆ. ‘ಪ್ರಾಣಿ ಇದ್ದವರು ನೆನಪಿರ್ತಾರ ತಮ್ಮಾ, ಪ್ರಾಣಿ ಇಲ್ಲದವರದೇ ತ್ರಾಸ’ ಎಂಬುದು ಅವಳ ದೂರು.

ನನ್ನ ತ್ರಾಸವೇ ಬೇರೆ. ನಾನು ಬಿಇ ಮೆಕ್ಯಾನಿಕಲ್, ಐದನೇ ಸೆಮಿಸ್ಟರ್. ರಜೆಗೆಂದು ಹುಮನಾಬಾದ್‌ನಲ್ಲಿ ಬಸ್ ಬದಲಿಸಿ ಬಸವಕಲ್ಯಾಣಕ್ಕೆ ಬಂದಾಗ ಬ್ಯಾಗಿನಲ್ಲಿ ಬಟ್ಟೆ ಎರಡು ಜೊತೆ, ಬ್ಯಾಕ್‌ಲಾಗ್ ಒಂದು. ಮೂರನೇ ಸೆಮಿಸ್ಟರಿನ ಗಣಿತ. ಒಂದಲ್ಲ, ಎರಡು ಸಲ ಫೇಲು. ಕ್ಯಾಂಪಸ್ಸಿಗೆ ಬರುವ ಕಂಪನಿಗಳು ಬ್ಯಾಕ್‌ಲಾಗ್ ಇದ್ದವರನ್ನು ಬಾಗಿಲಲ್ಲೇ ನಿಲ್ಲಿಸುತ್ತವೆ ಎಂಬುದು ನಿಮಗೂ ಗೊತ್ತು. ಅದಕ್ಕಿಂತ ದೊಡ್ಡ ಭಯ ಮಾಮಂದು. ನನ್ನ ಮೊದಲ ವರ್ಷದ ಫೀ ಕಟ್ಟಿದ್ದು ಸಸ್ತಾಪುರ ಬಂಗ್ಲಾದ ಆಟೋ ನಗರದಲ್ಲಿ ಲಾರಿ ಇಂಜಿನ್ ಬಿಚ್ಚುವ ನಮ್ಮ ಸೋದರಮಾವ. ಅವರ ಲೆಕ್ಕದಲ್ಲಿ ನಾನು ಎಲ್ಲ ವಿಷಯದಲ್ಲೂ ಪಾಸ್. ಫೇಲಾಗಿದ್ದು ಮನೆಯಲ್ಲಿ ಅಕ್ಕನೊಬ್ಬಳಿಗೇ ಗೊತ್ತಿತ್ತು.

ಒಂದು ರಾತ್ರಿ ಇಬ್ಬರೂ ಒಂದೇ ಬಲ್ಬಿನ ಕೆಳಗೆ ಓದುತ್ತಾ ಕೂತಿದ್ದೆವು. ಅವಳ ಪುಸ್ತಕ ಕನ್ನಡದ್ದು, ನನ್ನದು ಇಂಗ್ಲಿಷಿನದು. ಅವಳು ಮೂರನೇ ಸಲ ಪಿಯಾಜೆಯ ಉತ್ತರವನ್ನು ವೈಗೋಟ್‌ಸ್ಕಿಗೆ ಕೊಟ್ಟಾಗ ನಾನೆಂದೆ: ‘ಅಕ್ಕಾ, ಇವರೆಲ್ಲಾ ಒಂದು ವಾಟ್ಸ್‌ಆ್ಯಪ್ ಗ್ರೂಪ್‌ನಾಗ ಇದ್ದಾರ ಅಂತ ತಿಳ್ಕೋ. ಯಾರ್ ಯಾರ್ ಜೋಡಿ ಜಗಳಾಡ್ತಾರ ಅಂತ ನೋಡಮು. ಜಗಳ ಮರೀಲಾಕ ಆಗಲ್ಲ.’

ಗ್ರೂಪಿನ ಹೆಸರು ‘ಕಲಿಯೋದು ಹೆಂಗ?’. ಮೊಬೈಲಿನಲ್ಲಲ್ಲ, ಅವಳ ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ. ನಿಯಮ ಒಂದೇ: ಆ ಪಂಡಿತರು ನಿಜವಾಗಿ ನಂಬಿದ್ದನ್ನು ಮಾತ್ರ ಅವರ ಬಾಯಿಗೆ ಹಾಕಬೇಕು. ಮಾತು ನಮ್ಮದು, ಭಾಷೆ ನಮ್ಮ ಬೀದರ್ ಕನ್ನಡ.

ಡಿಪಿ ಹಾಕುವುದರಲ್ಲೇ ಅರ್ಧ ಗಂಟೆ ಹೋಯಿತು. ಪಾವ್ಲೋವ್‌ಗೆ ಗಂಟೆ. ಸ್ಕಿನ್ನರ್‌ಗೆ ಪಾರಿವಾಳ. ಪಿಯಾಜೆಗೆ ಬಿಳಿ ಗುಬ್ಬಚ್ಚಿ, ಯಾಕೆಂದರೆ ಅವರು ಶಾಲಾ ಹುಡುಗನಾಗಿದ್ದಾಗಲೇ, 1907ರಲ್ಲಿ, ತಾವು ಕಂಡ ಬಿಳಿ ಗುಬ್ಬಚ್ಚಿಯ ಬಗ್ಗೆ ಪುಟ್ಟ ಲೇಖನ ಅಚ್ಚು ಮಾಡಿಸಿದ್ದರು. ‘ನೋಡು, ಇವರಿಗೂ ಪ್ರಾಣಿ ಸಿಕ್ತು’ ಎಂದೆ. ಅಕ್ಕನಿಗೆ ಆ ಕ್ಷಣದಿಂದ ಪಿಯಾಜೆ ಗಟ್ಟಿಯಾದರು. ಮಾಂಟೆಸ್ಸರಿ ನಂಬರಿಗೆ ಮಾತ್ರ ಪ್ಲಸ್ 91 ಹಾಕಿದೆವು. ಇಟಲಿಯ ಆಕೆ 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು, ಯುದ್ಧ ಶುರುವಾಗಿ, 1946ರವರೆಗೆ ನಮ್ಮ ದೇಶದಲ್ಲೇ ಉಳಿದು ಶಿಕ್ಷಕರಿಗೆ ಪಾಠ ಹೇಳಿದವರು. ಜಾನ್ ಡ್ಯೂಯಿಯನ್ನು ಗ್ರೂಪಿಗೆ ಸೇರಿಸಿದವರು ಡಾ. ಅಂಬೇಡ್ಕರ್ ಎಂದು ಬರೆದೆವು. 1913ರಲ್ಲಿ ಅವರು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದಾಗ ಅಲ್ಲಿ ಅವರಿಗೆ ಗುರುವಾಗಿ ಸಿಕ್ಕವರೇ ಡ್ಯೂಯಿ.

ಮೊದಲ ಪೋಸ್ಟ್ ಸ್ಕಿನ್ನರ್ ಅವರದು. ಇದು ನಡೆದ ಸಂಗತಿ: 1953ರಲ್ಲಿ ಅವರು ಮಗಳ ಗಣಿತ ತರಗತಿಗೆ ಹೋಗಿ ಹಿಂದೆ ಕೂತಿದ್ದರು. ಮಕ್ಕಳು ಲೆಕ್ಕ ಮಾಡುತ್ತಿದ್ದರು. ಬೇಗ ಮುಗಿಸಿದವರು ಸುಮ್ಮನೆ ಕೂತಿದ್ದರು, ಬಾರದವರು ಒದ್ದಾಡುತ್ತಿದ್ದರು, ತಮ್ಮ ಉತ್ತರ ಸರಿಯೋ ತಪ್ಪೋ ಎಂಬುದು ಯಾರಿಗೂ ಆಗಲೇ ತಿಳಿಯುವಂತಿರಲಿಲ್ಲ. ಇದು ಸರಿಯಲ್ಲ ಎಂದು ಮನೆಗೆ ಬಂದು ಅವರು ಒಂದು ಯಂತ್ರ ಮಾಡಲು ಕೂತರು. ಸಣ್ಣ ಕಿಟಕಿಯಲ್ಲಿ ಒಂದು ಪ್ರಶ್ನೆ, ಉತ್ತರ ಬರೆದ ತಕ್ಷಣ ಸರಿಯುತ್ತರ ಕಣ್ಣೆದುರು. ಹೆಜ್ಜೆ ಸಣ್ಣದಿರಬೇಕು, ಫಲ ತಕ್ಷಣ ಸಿಗಬೇಕು, ಪ್ರತಿಯೊಬ್ಬರೂ ತಮ್ಮ ವೇಗದಲ್ಲಿ ಹೋಗಬೇಕು. ನಮ್ಮ ನೋಟ್‌ಬುಕ್ಕಿನಲ್ಲಿ ಅವರು ಬರೆದಿದ್ದು: ‘ಉತ್ತರ ಬರೆದು ತಿಂಗಳುಗಟ್ಟಲೆ ಕಾಯೋದು ಅಂದ್ರೇನ್ರೀ? ನನ್ನ ಪಾರಿವಾಳನೂ ಕಾಯಲ್ಲ.’

ನಾನು ತಕ್ಷಣ ಲೈಕ್ ಒತ್ತಿದೆ. ಪರೀಕ್ಷೆ ಬರೆದು, ಫಲಿತಾಂಶಕ್ಕೆ ಕಾದು, ಫೇಲ್ ಎಂದು ತಿಳಿದು, ಉತ್ತರ ಪತ್ರಿಕೆಯ ನಕಲಿಗೆ ಅರ್ಜಿ ಹಾಕಿ, ಅದು ಕೈಗೆ ಬರುವಷ್ಟರಲ್ಲಿ ನಾನು ಏನು ಬರೆದಿದ್ದೆ ಎಂಬುದೇ ನನಗೆ ಮರೆತಿತ್ತು. ಮರೆವಿನ ಮಾತು ಬಂದರೆ ಎಬಿಂಗ್‌ಹೌಸ್ ಬರದೇ ಇರುತ್ತಾರೆಯೇ? ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇನೆಂದು ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪುಸ್ತಕ ಬರೆದ ಜರ್ಮನಿಯ ಪುಣ್ಯಾತ್ಮ. ಪರೀಕ್ಷೆಯ ಹಿಂದಿನ ರಾತ್ರಿ ಐದೂ ಮಾಡ್ಯೂಲ್ ಓದುವ ನಮ್ಮ ಹಾಸ್ಟೆಲ್ಲಿನ ಫೋಟೊ ಗ್ರೂಪಿಗೆ ಹಾಕಿದರೆ ಅವರು ಒಂದು ಕಣ್ಣೀರಿನ ಇಮೋಜಿ ಹಾಕಿ ಹೊರಟುಹೋದಾರು.

ಗ್ರೂಪಿನಲ್ಲಿ ಮೊದಲ ಬೆಂಕಿ ಹಚ್ಚಿದವರು ಚೋಮ್‌ಸ್ಕಿ. ಇದೂ ನಮ್ಮ ಕಲ್ಪನೆಯಲ್ಲ. 1957ರಲ್ಲಿ ಸ್ಕಿನ್ನರ್ ಭಾಷೆಯ ಬಗ್ಗೆ ದೊಡ್ಡ ಪುಸ್ತಕ ಬರೆದು, ಮಗು ಮಾತು ಕಲಿಯುವುದೂ ಮೆಚ್ಚುಗೆ–ಬಹುಮಾನಗಳ ಬಲದಿಂದಲೇ ಎಂದರು. ಎರಡೇ ವರ್ಷಕ್ಕೆ, 1959ರಲ್ಲಿ, 30ರ ಹರೆಯದ ನೋಮ್ ಚೋಮ್‌ಸ್ಕಿ ಅದಕ್ಕೆ ಉದ್ದನೆಯ ವಿಮರ್ಶೆ ಬರೆದು ಪುಸ್ತಕವನ್ನು ತೊಳೆದು ಹಿಂಡಿ ಒಣಗಿಹಾಕಿದರು. ಎಂದೂ ಕೇಳದ ವಾಕ್ಯವನ್ನು ಮಗು ಹೇಗೆ ಹೇಳುತ್ತದೆ ಎಂಬುದು ಅವರ ಪ್ರಶ್ನೆ. ಸ್ಕಿನ್ನರ್ ಅದಕ್ಕೆ ನೇರ ಉತ್ತರ ಕೊಡಲೇ ಇಲ್ಲ. ‘ಬ್ಲೂ ಟಿಕ್ ಬಂದದ, ರಿಪ್ಲೈ ಇಲ್ಲ’ ಎಂದು ಅಕ್ಕ ಬರೆದಳು.

ಆದರೆ ನಮ್ಮಿಬ್ಬರನ್ನೂ ಹಿಡಿದು ಕೂರಿಸಿದ್ದು ಪಿಯಾಜೆ–ವೈಗೋಟ್‌ಸ್ಕಿ ಜಗಳವೇ. ಇಬ್ಬರೂ ಹುಟ್ಟಿದ್ದು ಒಂದೇ ವರ್ಷ, 1896. ಒಬ್ಬರು ಸ್ವಿಟ್ಜರ್ಲೆಂಡ್, ಇನ್ನೊಬ್ಬರು ಆಗ ರಷ್ಯಾಕ್ಕೆ ಸೇರಿದ್ದ ಬೆಲರೂಸ್. ಚಿಕ್ಕ ಮಕ್ಕಳು ಆಟವಾಡುವಾಗ ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುತ್ತಾರಲ್ಲ, ಅದರ ಬಗ್ಗೆ ಇಬ್ಬರ ವಾದ. ಮಗುವಿಗೆ ಇನ್ನೊಬ್ಬರ ದೃಷ್ಟಿಯಿಂದ ನೋಡಲು ಬರುವುದಿಲ್ಲ, ಆ ಮಾತು ಅದರ ಗುರುತು, ಬೆಳೆದಂತೆ ಬಿಟ್ಟುಹೋಗುತ್ತದೆ ಎಂದರು ಪಿಯಾಜೆ. ಬಿಟ್ಟುಹೋಗುವುದಿಲ್ಲ, ಒಳಗೆ ಹೋಗುತ್ತದೆ ಎಂದರು ವೈಗೋಟ್‌ಸ್ಕಿ. ಕಷ್ಟದ ಕೆಲಸ ಎದುರಾದಾಗ ಮಗು ಆ ಮಾತನ್ನು ಕೈಗೋಲಿನಂತೆ ಹಿಡಿಯುತ್ತದೆ, ಮುಂದೆ ಅದೇ ಮೌನವಾಗಿ ಯೋಚನೆಯಾಗುತ್ತದೆ.

ವೈಗೋಟ್‌ಸ್ಕಿ 1934ರಲ್ಲಿ ಕ್ಷಯದಿಂದ ತೀರಿಕೊಂಡರು, 37ನೇ ವಯಸ್ಸಿಗೆ. ಈ ವಾದ ಇರುವ ಪುಸ್ತಕ ಅದೇ ವರ್ಷ ಅವರು ಹೋದ ಮೇಲೆ ಬಂತು. 1936ರಿಂದ ಸುಮಾರು ಇಪ್ಪತ್ತು ವರ್ಷ ಅವರ ಬರಹಗಳು ಅವರ ನಾಡಿನಲ್ಲೇ ಬದಿಗೆ ಸರಿದಿದ್ದವು. 1962ರಲ್ಲಿ ಇಂಗ್ಲಿಷ್ ಅನುವಾದ ಬಂದಾಗ ಪಿಯಾಜೆ ಅದಕ್ಕೆ ಪ್ರತಿಕ್ರಿಯೆ ಬರೆದರು. ತೀರಿಹೋದ ಸಮಕಾಲೀನನ ಟೀಕೆಯನ್ನು ಇಷ್ಟು ತಡವಾಗಿ ನೋಡಬೇಕಾಯಿತಲ್ಲ ಎಂದು ನೊಂದುಕೊಂಡರು. ಕೆಲವು ಮಾತು ಒಪ್ಪಿದರು, ಕೆಲವು ಒಪ್ಪಲಿಲ್ಲ. 1934ರ ಮೆಸೇಜಿಗೆ 1962ರಲ್ಲಿ ರಿಪ್ಲೈ. ಕಳಿಸಿದವರ ಫೋನ್ ಅಷ್ಟರಲ್ಲಿ ಸ್ವಿಚ್ ಆಫ್ ಆಗಿ 28 ವರ್ಷ. ನೋಟ್‌ಬುಕ್ಕಿನಲ್ಲಿ ನಾವು ಇದಕ್ಕೆ ಯಾವ ಜೋಕನ್ನೂ ಬರೆಯಲಿಲ್ಲ. ‘ಪಿಯಾಜೆ ಟೈಪ್ ಮಾಡುತ್ತಿದ್ದಾರೆ...’ ಎಂದು ಬರೆದು ಮೂರು ಚುಕ್ಕಿ ಇಟ್ಟೆವು, ಅಷ್ಟೇ.

ಆ ತಮ್ಮಷ್ಟಕ್ಕೆ ತಾವೇ ಆಡುವ ಮಾತು ನನಗೆ ಚುಚ್ಚಿತು. ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಇಂಟಿಗ್ರೇಷನ್ ಮಾಡುವಾಗ ‘ಈಗ ಇದಕ್ಕ ಯು ಅನ್ನು, ಅದಕ್ಕ ವಿ ಅನ್ನು, ಮೈನಸ್ ಮರೀಬ್ಯಾಡ’ ಎಂದು ಗುನುಗುವುದು ನನ್ನ ಅಭ್ಯಾಸ. ಮೊದಲ ಸೆಮಿಸ್ಟರಿನಲ್ಲಿ ಹಾಸ್ಟೆಲ್ ಹುಡುಗರು ನಕ್ಕರು. ನಾನು ಬಾಯಿ ಮುಚ್ಚಿದೆ. ಬಾಯಿ ಮುಚ್ಚಿದ್ದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಬಾಯಿಯ ಜೊತೆ ಲೆಕ್ಕವೂ ನಿಂತಿತು. ಆಮೇಲೆ ನಾನು ಮಾಡಿದ್ದು ಇಂಗ್ಲಿಷಿನ ಹೆಜ್ಜೆಗಳನ್ನು ಸಾಲು ಸಾಲಾಗಿ ಬಾಯಿಪಾಠ ಹೊಡೆದಿದ್ದು.

ಮರುದಿನ ಅಕ್ಕ ನನ್ನ ಉತ್ತರ ಪತ್ರಿಕೆಯ ನಕಲನ್ನು ಎಳೆದುಕೊಂಡಳು. ಹಿಂದಿನ ರಾತ್ರಿ ಅವಳು ಓದಿದ್ದ ಒಂದು ವಿಷಯ ತಲೆಯಲ್ಲಿ ಕೂತಿತ್ತು. ಪಿಯಾಜೆ ಯುವಕನಾಗಿದ್ದಾಗ ಪ್ಯಾರಿಸ್ಸಿನಲ್ಲಿ ಮಕ್ಕಳ ಬುದ್ಧಿಶಕ್ತಿ ಪರೀಕ್ಷೆಯ ಕೆಲಸಕ್ಕಿದ್ದರು. ಎಷ್ಟು ಉತ್ತರ ಸರಿ ಎಂದು ಎಣಿಸುವುದು ಕೆಲಸ. ಅವರಿಗೆ ಕುತೂಹಲ ಹುಟ್ಟಿದ್ದು ತಪ್ಪು ಉತ್ತರಗಳ ಮೇಲೆ. ಒಂದೇ ವಯಸ್ಸಿನ ಮಕ್ಕಳು ಒಂದೇ ಥರ ಯಾಕೆ ತಪ್ಪುತ್ತಾರೆ? ಹಾಗಾಗಿ ಮಕ್ಕಳ ಎದುರು ಕೂತು ‘ಯಾಕೆ ಹೀಗಂದೆ?’ ಎಂದು ಕೇಳುತ್ತಾ ಹೋದರು. ಅವರ ಜೀವಮಾನದ ಕೆಲಸಕ್ಕೆ ದಾರಿ ತೆರೆದದ್ದು ಆ ತಪ್ಪು ಉತ್ತರಗಳೇ.

ಅಕ್ಕ ಓದಿದ್ದು ಬಿಎ. ಫೋರಿಯರ್ ಸರಣಿ ಎಂದರೆ ಯಾವುದೋ ಟಿವಿ ಧಾರಾವಾಹಿ ಎಂದುಕೊಂಡವಳು. ಪ್ರಶ್ನೆ ಇದ್ದದ್ದು ಇಷ್ಟು: ಎಕ್ಸ್ ಸ್ಕ್ವೇರ್ ಅನ್ನು ಸೊನ್ನೆಯಿಂದ ಎರಡು ಪೈವರೆಗಿನ ಅಂತರದಲ್ಲಿ ಫೋರಿಯರ್ ಸರಣಿಯಾಗಿ ಬಿಡಿಸಿ. ಪಕ್ಕದಲ್ಲಿ ‘ಎಲ್3’ ಎಂದಿತ್ತು. ಇಂಜಿನಿಯರಿಂಗ್ ಓದುವವರಿಗೆ ಈ ‘ಎಲ್’ ಗೊತ್ತು. ಅದು ಬೆಂಜಮಿನ್ ಬ್ಲೂಮ್ 1956ರಲ್ಲಿ ತಂಡ ಕಟ್ಟಿಕೊಂಡು ಮಾಡಿದ ಏಣಿ: ನೆನಪಿಟ್ಟುಕೊಳ್ಳುವುದು ಕೆಳಗಿನ ಮೆಟ್ಟಿಲು, ಬಳಸುವುದು ಮೂರನೆಯದು. ನಾನು ಒಂದನೇ ಮೆಟ್ಟಿಲಲ್ಲಿ ನಿಂತು ಮೂರನೇ ಮೆಟ್ಟಿಲಿನ ಪ್ರಶ್ನೆಗೆ ಉತ್ತರ ಬರೆದಿದ್ದೆ. ‘ಎಕ್ಸ್ ಸ್ಕ್ವೇರ್ ಸಮ ಫಲನ, ಆದ್ದರಿಂದ ಬಿಎನ್ ಸಮ ಸೊನ್ನೆ’ ಎಂದು ಇಂಗ್ಲಿಷಿನಲ್ಲಿ ದಪ್ಪಗೆ ಬರೆದು ಕೆಳಗೆ ಗೆರೆ ಬೇರೆ ಎಳೆದಿದ್ದೆ. ಅದರ ಮೇಲೆ ಕೆಂಪು ಸುತ್ತು.

‘ಇಲ್ಲಿ ಯಾಕ ಸೊನ್ನಿ?’

‘ಸಮ ಫಲನ ಇದ್ದರ ಬಿಎನ್ ಸೊನ್ನಿನೇ ಅಕ್ಕಾ, ಅದು ರೂಲ್.’

‘ಸಮ ಅಂದ್ರೇನ?’

ನನಗೆ ಸಿಟ್ಟು ಬಂತು. ಅವಳಿಗೆ ಏನು ತಿಳಿಯುತ್ತದೆ ಎಂದು. ಆದರೂ ಹಾಳೆ ತೆಗೆದು ಗ್ರಾಫ್ ಬರೆದೆ. ನಡುವೆ ಸೊನ್ನೆ, ಎರಡೂ ಕಡೆ ಬಟ್ಟಲಿನಂತೆ ಏರುವ ಗೆರೆ. ಸೊನ್ನೆಯ ಹತ್ತಿರ ಹಾಳೆ ಮಡಚಿ ತೋರಿಸಿದೆ. ‘ಎಡಗಡಿದು ಬಲಗಡಿ ಮ್ಯಾಲ ಸರಿಯಾಗಿ ಕೂಡ್ತದ ನೋಡು. ಅದಕ್ಕೇ ಸಮ.’

ಅವಳು ಪ್ರಶ್ನೆಯನ್ನೂ ಹಾಳೆಯನ್ನೂ ಎರಡೆರಡು ಸಲ ನೋಡಿ ಕೇಳಿದಳು: ‘ಪ್ರಶ್ನೆದಾಗ ಸೊನ್ನಿಯಿಂದ ಶುರು ಅದ ಅಂತ ಬರ್ದಾರಲ್ಲ. ಹಂಗಾದ್ರ ಈ ಎಡಗಡಿದು ಎಲ್ಲಿಂದ ಬಂತು?’

ಎರಡು ಸಲ ಫೇಲಾಗಿದ್ದು, ಒಂದು ತಿಂಗಳು ಕೂತು ಇಂಟಿಗ್ರೇಷನ್ ಅಭ್ಯಾಸ ಮಾಡಿದ್ದು, ನಾನು ದಡ್ಡ ಎಂದು ರಾತ್ರಿ ನಿದ್ದೆ ಕೆಟ್ಟಿದ್ದು ಎಲ್ಲವೂ ಆ ಒಂದು ಮಾತಿನ ಮುಂದೆ ಬಂದು ನಿಂತವು. ಅಂತರ ಮೈನಸ್ ಪೈನಿಂದ ಪ್ಲಸ್ ಪೈವರೆಗೆ ಇದ್ದರೆ ನನ್ನ ಸೊನ್ನೆ ಸರಿ. ಸೊನ್ನೆಯಿಂದ ಎರಡು ಪೈವರೆಗೆ ಇದ್ದಾಗ ಮಡಚಬೇಕಾದದ್ದು ಸೊನ್ನೆಯ ಹತ್ತಿರವಲ್ಲ, ನಡುವೆ, ಪೈ ಹತ್ತಿರ. ಅಲ್ಲಿ ಮಡಚಿದರೆ ಒಂದು ಕಡೆ ನೆಲಕ್ಕಂಟಿದ ಗೆರೆ, ಇನ್ನೊಂದು ಕಡೆ ಆಕಾಶಕ್ಕೇರಿದ ಗೆರೆ. ಎಲ್ಲಿಯ ಸಮ? ನಾನು ಕಷ್ಟಪಟ್ಟು ಅಭ್ಯಾಸ ಮಾಡಿದ ಇಂಟಿಗ್ರೇಷನ್‌ನಲ್ಲಿ ತಪ್ಪೇ ಇರಲಿಲ್ಲ. ತಪ್ಪಿದ್ದದ್ದು ಅದಕ್ಕೂ ಮೊದಲಿನ ಸಾಲಿನಲ್ಲಿ, ಅದನ್ನು ನಾನು ರೂಲ್ ಎಂದು ನೋಡುತ್ತಲೂ ಇರಲಿಲ್ಲ. ಕೆಂಪು ಸುತ್ತು ತಪ್ಪು ಎಲ್ಲಿದೆ ಎಂದು ಹೇಳಿತ್ತು, ಯಾಕೆ ಎಂದು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಅನ್ನಿ.

ಅಂದು ರಾತ್ರಿ ಒಂದು ಗಂಟೆಗೆ ಬಿಎನ್ ಸಿಕ್ಕಿತು: ಮೈನಸ್ ನಾಲ್ಕು ಪೈ ಬೈ ಎನ್. ಬಾಯಿಬಿಟ್ಟು ಕನ್ನಡದಲ್ಲೇ ಗುನುಗುತ್ತಾ ಮಾಡಿದೆ. ಅವ್ವ ಒಳಗಿನಿಂದ ‘ಯಾರ್ ಜೋಡಿ ಮಾತಾಡ್ಲತ್ತಿ?’ ಎಂದು ಕೇಳಿದಳು.

ಮರುದಿನ ಗ್ರೂಪಿನಲ್ಲಿ ಹೊಡೆದಾಟ. ಹುಡುಗ ತನ್ನ ತಪ್ಪನ್ನು ತಾನೇ ಕಂಡುಕೊಂಡ, ಹಳೆಯ ತಿಳಿವಳಿಕೆ ಮುರಿದು ಹೊಸದು ಕಟ್ಟಿಕೊಂಡ ಎಂದು ಪಿಯಾಜೆ. ಅಕ್ಕ ಪಕ್ಕದಲ್ಲಿ ಇರದಿದ್ದರೆ ಮೂರನೇ ಸಲವೂ ಫೇಲಾಗುತ್ತಿದ್ದ ಎಂದು ವೈಗೋಟ್‌ಸ್ಕಿ. ಒಬ್ಬರೇ ಮಾಡಲಾಗದ್ದು ಜೊತೆಗೆ ಒಬ್ಬರಿದ್ದರೆ ಆಗುತ್ತದೆ, ಆ ನಡುವಿನ ಜಾಗದಲ್ಲೇ ಕಲಿಕೆ ಎಂಬ ಅವರ ಮಾತಿಗೆ ಇದು ಉದಾಹರಣೆ. ನನ್ನ ಮತ ವೈಗೋಟ್‌ಸ್ಕಿಗೇ ಎಂದುಕೊಂಡೆ. ಆದರೆ ಒಂದು ಕೊಕ್ಕೆ ಇದೆ. ಅವರು ಹೇಳಿದ್ದು ಹೆಚ್ಚು ತಿಳಿದವರ ಸಹಾಯ. ನಮ್ಮ ಅಕ್ಕನಿಗೆ ಫೋರಿಯರ್ ಎಳ್ಳಷ್ಟೂ ತಿಳಿಯದು. ತಿಳಿಯದಿದ್ದುದೇ ಉಪಕಾರವಾಯಿತು. ತಿಳಿದವರಾಗಿದ್ದರೆ ‘ಇಂಟರ್‌ವಲ್ ನೋಡೋ’ ಎಂದು ಬೈದು ಮುಂದೆ ಹೋಗುತ್ತಿದ್ದರು. ಸರೀಕರ ನಡುವಿನ ವಾದ ದೊಡ್ಡವರ ಅಪ್ಪಣೆಗಿಂತ ಹೆಚ್ಚು ಕಲಿಸುತ್ತದೆ ಎಂದು ಪಿಯಾಜೆಯೂ ಒಂದು ಕಡೆ ವಾದಿಸಿದ್ದಾರೆ, ಹಾಗಾಗಿ ಅರ್ಧ ಮತ ಅವರಿಗೂ ಹೋಗಬೇಕು. ಸ್ಕಿನ್ನರ್ ಮಾತ್ರ ತಣ್ಣಗೆ ಬರೆದರು: ‘ಈಗ ಅಂಥವೇ ಹತ್ತು ಲೆಕ್ಕ ಮಾಡಿಸ್ರಿ, ಒಂದೊಂದಕ್ಕೂ ಅವಾಗೇ ಉತ್ತರ ನೋಡ್ಲಿ.’ ಮಾಡಿದೆ. ಅದೂ ಬೇಕಿತ್ತು.

ಅಕ್ಕ ಒಂದು ಮಾತು ಹೇಳಿದಳು, ಟಿಇಟಿ ಬರೆಯುವವರು ನಗಬಹುದು. ‘ಪಿಯಾಜೆ ಏನಂದ್ರು, ಮಗು ತಾನೇ ಕಟ್ಕೋತದ ಅಂದ್ರು. ಅದನ್ನ ನಾವು ಓದ್ಲತ್ತಿದ್ದು ಹೆಂಗ? ನಾಲ್ಕು ಆಯ್ಕಿ, ಒಂದಕ್ಕ ಟಿಕ್, ಸರಿ ಇದ್ದರ ಒಂದು ಅಂಕ. ಗ್ರೂಪ್‌ನಾಗ ಯಾರ್ ಬೇಕಾದ್ರೂ ವಾದ ಮಾಡ್ಲಿ, ಗೆದ್ದಾಂವ ಸ್ಕಿನ್ನರೇ!’

ರಜೆಯ ಕೊನೆಯ ವಾರ ಸಸ್ತಾಪುರ ಬಂಗ್ಲಾಕ್ಕೆ ಹೋದೆ. ಮಾಮನಿಗೆ ಬ್ಯಾಕ್‌ಲಾಗ್ ವಿಷಯ ಹೇಳಲೇಬೇಕೆಂದು ಗಟ್ಟಿ ಮಾಡಿಕೊಂಡು ಹೋದವನು, ಅವರು ಇಂಜಿನ್ ಮೇಲೆ ಬಗ್ಗಿದ್ದು ಕಂಡು ಸುಮ್ಮನೆ ನಿಂತೆ. ಟ್ಯಾಪೆಟ್ ಸೆಟ್ ಮಾಡುತ್ತಿದ್ದರು. ರಾಕರ್ ಆರ್ಮ್ ಮತ್ತು ವಾಲ್ವಿನ ತುದಿಯ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಬಿಗಿಯಾದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಸಡಿಲಾದರೆ ಇಂಜಿನ್ ಟಕಟಕ ಬಡಿಯುತ್ತದೆ. ಪುಸ್ತಕದಲ್ಲಿ ಇದನ್ನು ನಾನು ಚಿತ್ರ ಸಮೇತ ಬರೆದು ಪಾಸಾಗಿದ್ದೇನೆ. ಗೇಜನ್ನು ಕೈಗೆ ಕೊಟ್ಟು ‘ಹಿಡಿ’ ಎಂದರು. ಸಂದಿಗೆ ಹಾಕಿ ಎಳೆದೆ. ‘ಸರಿ ಅದ ಏನು?’ ನನಗೆ ಗೊತ್ತಾಗಲಿಲ್ಲ. ಅಲ್ಲಿದ್ದ ಹೆಲ್ಪರ್ ಹುಡುಗ ಎಳೆದು ‘ಚೂರು ಬಿಗಿ ಅದ’ ಎಂದ. ಅವನಿಗೆ ನನ್ನದೇ ವಯಸ್ಸು, ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹೇಗೆ ಗೊತ್ತಾಯಿತು ಎಂದು ಕೇಳಿದೆ. ಹೇಳಲು ಅವನಿಗೂ ಬರಲಿಲ್ಲ, ಮಾಮನಿಗೂ ಬರಲಿಲ್ಲ. ‘ಹಿಡಿದೂ ಹಿಡೀದಂಗ ಇರಬೇಕು’ ಎಂದರು, ಅಷ್ಟೇ.

ಆ ಹುಡುಗ ಬಂದು ನಾಲ್ಕು ವರ್ಷವಾಯಿತಂತೆ. ಮೊದಲ ವರ್ಷ ಬರೀ ಪಾರ್ಟುಗಳನ್ನು ಡೀಸೆಲ್‌ನಲ್ಲಿ ತೊಳೆದ, ಬೋಲ್ಟುಗಳನ್ನು ಸಾಲಾಗಿ ಜೋಡಿಸಿದ. ಆಮೇಲೆ ಕೇಳಿದ ಪಾನಾ ಎತ್ತಿ ಕೊಟ್ಟ. ಆಮೇಲೆ ಗಾಲಿ, ಬ್ರೇಕ್. ಇಂಜಿನ್ ಮುಟ್ಟಿದ್ದು ಕೊನೆಗೆ. ಶೋಷಣೆ ಎಂದು ನನಗೆ ಮೊದಲು ಅನ್ನಿಸಿತ್ತು, ಸಂಬಳದ ಲೆಕ್ಕದಲ್ಲಿ ಈಗಲೂ ಅನ್ನಿಸುತ್ತದೆ. ಆದರೆ ಜೀನ್ ಲೇವ್ ಎಂಬ ವಿದ್ವಾಂಸೆ ಆಫ್ರಿಕಾದ ಲೈಬೀರಿಯಾದಲ್ಲಿ ದರ್ಜಿಗಳ ಜೊತೆ ಕೂತು ಕಂಡಿದ್ದೂ ಇದನ್ನೇ. ಅಲ್ಲಿ ಹೊಸಬರು ಮೊದಲು ಕಲಿಯುವುದು ಗುಂಡಿ ಹಚ್ಚುವುದು, ಅಂಚು ಹೊಲಿಯುವುದು. ಬಟ್ಟೆಗೆ ಕತ್ತರಿ ಹಾಕುವುದು ಕೊನೆಗೆ, ಯಾಕೆಂದರೆ ಅಲ್ಲಿ ತಪ್ಪಿದರೆ ಬಟ್ಟೆಯೇ ಹಾಳು. ತಪ್ಪು ಅಗ್ಗವಾಗಿರುವ ಕಡೆಯಿಂದ ದುಬಾರಿಯಾಗಿರುವ ಕಡೆಗೆ ಕಲಿಕೆ ಸಾಗುತ್ತದೆ. 1991ರಲ್ಲಿ ಲೇವ್ ಮತ್ತು ಎಟಿಯೆನ್ ವೆಂಗರ್ ಬರೆದ ಪುಸ್ತಕದಲ್ಲಿ ಈ ವಿಚಾರ ಬೆಳೆಯಿತು: ಕಲಿಯುವುದೆಂದರೆ ಕೆಲಸ ಮಾಡುವವರ ಬಳಗಕ್ಕೆ ಅಂಚಿನಿಂದ ಒಳಕ್ಕೆ ಸರಿಯುತ್ತಾ ಹೋಗುವುದು. ನಮ್ಮ ಗ್ರೂಪಿಗೆ ಅಂದೇ ಇಬ್ಬರನ್ನು ಸೇರಿಸಿದೆ, ಲೇವ್ ಮತ್ತು ಮಾಮ.

ಚಹಾ ಕುಡಿಯುವಾಗ ಹೇಳಿದೆ: ‘ಮಾಮಾ, ಒಂದು ಸಬ್ಜೆಕ್ಟ್ ಹೋಗ್ಯಾದ. ಎರಡು ಸಲ.’ ಅವರು ತುಸು ಹೊತ್ತು ಮಾತಾಡಲಿಲ್ಲ. ‘ಮತ್ತ ಮನ್ಯಾಗ ಯಾಕ ಹೇಳಲಿಲ್ಲ?’ ಎಂದರು. ನಾನು ತಲೆ ತಗ್ಗಿಸಿದೆ. ‘ನಾ ಟ್ಯಾಪೆಟ್ ಎಷ್ಟ್ ಸಲ ಕೆಡಿಸೀನಿ ಗೊತ್ತದೇನು? ಆದರ ಕೆಡಿಸಿದ್ದು ಮುಚ್ಚಿಡಲಾಕ ಬರಲ್ಲ ಇಲ್ಲಿ. ಇಂಜಿನ್ ಊರಿಗೆಲ್ಲಾ ಕೇಳಂಗ ಬಡಕೊಳ್ತದ.’ ಗ್ಲಾಸ್ ಕೆಳಗಿಟ್ಟು ಎದ್ದು ಹೋದರು. ಸಿಟ್ಟು ಇತ್ತೋ ಇಲ್ಲವೋ, ನನಗೆ ಈಗಲೂ ಗೊತ್ತಿಲ್ಲ.

ಮನೆಗೆ ಬಂದು ಅಕ್ಕನಿಗೆ ಹೇಳಿದೆ, ಮಾಮನಿಗೆ ಬರುತ್ತದೆ, ಆದರೆ ಬಾಯಲ್ಲಿ ಹೇಳಲು ಬರುವುದಿಲ್ಲ. ಅವಳು ಥಟ್ಟನೆ ‘ಅಜಗಣ್ಣ’ ಎಂದಳು. ಕನ್ನಡ ಐಚ್ಛಿಕ ಓದಿದವಳು. ಬಸವಕಲ್ಯಾಣದವರಾಗಿ ನಮಗೆ ಅನುಭವ ಮಂಟಪ ಗೊತ್ತೇ ಇದೆ. 2021ರ ಜನವರಿಯಲ್ಲಿ ಹೊಸ ಮಂಟಪಕ್ಕೆ ಅಡಿಗಲ್ಲು ಹಾಕಿದಾಗ ಊರೆಲ್ಲ ಅದೇ ಮಾತು. 12ನೇ ಶತಮಾನದ ಕಲ್ಯಾಣದಲ್ಲಿ ಬಟ್ಟೆ ಒಗೆಯುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ, ಅಕ್ಕಿ ಆಯುವ ಲಕ್ಕಮ್ಮ ಕೂತು ವಾದ ಮಾಡಿದರು, ಅಲ್ಲಮಪ್ರಭು ಮುಂದಾಳಾಗಿದ್ದರು ಎಂದು ಶಾಲೆಯಿಂದಲೂ ಕೇಳಿದ್ದೇವೆ. ನನಗೆ ಗೊತ್ತಿರದ ಸಂಗತಿಯೊಂದನ್ನು ಅಕ್ಕ ಹೇಳಿದಳು. ಆ ವಾದಗಳನ್ನು ನಾವು ಇಂದು ಸಂಭಾಷಣೆಯಾಗಿ ಓದುವುದು ‘ಶೂನ್ಯಸಂಪಾದನೆ’ಯಲ್ಲಿ. ಅದನ್ನು ಮೊದಲು ಕಟ್ಟಿದವರು ಶಿವಗಣಪ್ರಸಾದಿ ಮಹಾದೇವಯ್ಯ, 15ನೇ ಶತಮಾನದಲ್ಲಿ. ಅಂದರೆ ಶರಣರು ಹೋಗಿ ಸುಮಾರು ಮುನ್ನೂರು ವರ್ಷದ ಮೇಲೆ. ಬೇರೆ ಬೇರೆ ಶರಣರ ಬಿಡಿ ವಚನಗಳನ್ನು ತೆಗೆದುಕೊಂಡು, ಯಾರ ಮಾತಿಗೆ ಯಾರ ಉತ್ತರ ಎಂದು ಎದುರುಬದುರು ಕೂರಿಸಿ, ನಡುವೆ ಗದ್ಯದ ಸಾಲು ಬೆಸೆದರು. ಅವರ ನಂತರ ಇನ್ನೂ ಮೂವರು ತಮ್ಮ ತಮ್ಮ ರೀತಿಯಲ್ಲಿ ಅದನ್ನು ಮತ್ತೆ ಕಟ್ಟಿದರು.

‘ಅಂದ್ರ ಅವರೂ ಗ್ರೂಪ್ ಮಾಡ್ಯಾರ!’ ಎಂದೆ. ಅಕ್ಕ ತಲೆಗೆ ಮೊಟಕಿದಳು, ಆದರೆ ಇಲ್ಲ ಎನ್ನಲಿಲ್ಲ. ನಮ್ಮದು ನೋಟ್‌ಬುಕ್ಕಿನ ತಮಾಷೆ, ಅದು ದೊಡ್ಡ ಕೃತಿ. ಹೋಲಿಕೆ ಅಲ್ಲಿಗೇ ಸಾಕು.

ಅದರಲ್ಲಿ ಮುಕ್ತಾಯಕ್ಕನ ಪ್ರಸಂಗ ಬರುತ್ತದೆ. ತನ್ನ ಅರಿವನ್ನು ಯಾರಿಗೂ ತೋರಿಸದೆ ಒಳಗೇ ಇಟ್ಟುಕೊಂಡು ಬದುಕಿದ ಅಜಗಣ್ಣ ತೀರಿಕೊಂಡಿದ್ದಾನೆ. ಅವನನ್ನೇ ಗುರುವೆಂದುಕೊಂಡಿದ್ದ ಸೋದರಿ ಮುಕ್ತಾಯಕ್ಕ ಅಳುತ್ತಿದ್ದಾಳೆ. ಅಲ್ಲಮ ಬಂದು ಸಮಾಧಾನ ಹೇಳುವ ಬದಲು ಪ್ರಶ್ನೆ ಕೇಳುತ್ತಾರೆ. ಅವಳೂ ಬಿಡುವುದಿಲ್ಲ, ಅರಿತವರಿಗೆ ಇಷ್ಟು ಮಾತು ಯಾಕೆ ಎಂದು ಅವರನ್ನೇ ಪ್ರಶ್ನಿಸುತ್ತಾಳೆ. ಅರಿವು ಮಾತಿನಲ್ಲಿ ಬರುತ್ತದೋ ಇಲ್ಲವೋ ಎಂಬುದೇ ಅಲ್ಲಿನ ವಾದ. ಗೇಜ್ ಎಳೆದು ‘ಹಿಡಿದೂ ಹಿಡೀದಂಗ’ ಎಂದ ಮಾಮನನ್ನು ಆ ಸಭೆಯಲ್ಲಿ ಕೂರಿಸಿದರೆ ಮುಕ್ತಾಯಕ್ಕ ಯಾರ ಪಕ್ಷ ಹಿಡಿಯುತ್ತಿದ್ದಳೋ! ಅಕ್ಕ ಅಂದು ರಾತ್ರಿ ಟಿಇಟಿ ಪುಸ್ತಕ ಬಿಟ್ಟು ಆ ಪ್ರಸಂಗ ಓದಿ ಹೇಳಿದಳು. ನಾನು ಕೇಳುತ್ತಾ ಕೂತೆ. ಪೂರ್ತಿ ತಿಳಿಯಿತು ಎಂದರೆ ಸುಳ್ಳಾಗುತ್ತದೆ.

ಕಳೆದ ವಾರ ಮರುಪರೀಕ್ಷೆ ಆಯಿತು. ಫೋರಿಯರ್ ಪ್ರಶ್ನೆ ಬಂದಿತ್ತು: ಎಕ್ಸ್ ಅನ್ನು ಎರಡು ಪೈ ಮೈನಸ್ ಎಕ್ಸ್‌ನಿಂದ ಗುಣಿಸಿದ್ದು, ಅಂತರ ಸೊನ್ನೆಯಿಂದ ಎರಡು ಪೈವರೆಗೆ. ಹಳೆಯ ರೂಲ್ ಬಾಯಿಗೆ ಬಂತು, ಹೊಸ ಭಯವೂ ಬಂತು. ಪೆನ್ ಕೆಳಗಿಟ್ಟೆ. ಒರಟು ಕೆಲಸದ ಜಾಗದಲ್ಲಿ ಗ್ರಾಫ್ ಬರೆದೆ. ನಡುವೆ, ಪೈ ಹತ್ತಿರ, ಮನಸ್ಸಿನಲ್ಲೇ ಹಾಳೆ ಮಡಚಿದೆ. ಎರಡೂ ಕಡೆಯ ಗೆರೆ ಒಂದರ ಮೇಲೊಂದು ಸರಿಯಾಗಿ ಕೂತವು. ‘ಕೂಡ್ತದ, ಖರೇನೆ ಕೂಡ್ತದ’ ಎಂದು ಗುನುಗಿದ್ದು ತುಸು ಜೋರಾಯಿತೇನೋ, ಕೊಠಡಿ ಮೇಲ್ವಿಚಾರಕರು ಕಣ್ಣು ಬಿಟ್ಟರು.

ಈ ಸಲವೂ ಬಿಎನ್ ಸಮ ಸೊನ್ನೆ ಎಂದೇ ಬರೆದೆ. ಪಕ್ಕದಲ್ಲಿ ಯಾಕೆ ಎಂದೂ ಒಂದು ಸಾಲು ಬರೆದೆ. ಫಲಿತಾಂಶ ಇನ್ನೂ ಬಂದಿಲ್ಲ. ಅಕ್ಕನ ಟಿಇಟಿ ಬರುವ ಭಾನುವಾರ.